ಹಳೆಯ ಕುತ್ತಿಗೆ ನೋವಿಗೆ ವ್ಯಾಯಾಮ ಮತ್ತು ಯೋಗ: ಅಡಿಕೆ, ಬೀಡಿ, ದೋಟಿಯ ಕೆಲಸದವರಿಗೆ 12 ವಾರದ ಕ್ರಮ

ಕಾಸರಗೋಡಿನ ಕಡೆ ಕುತ್ತಿಗೆ ನೋವು ಎರಡು ದಿಕ್ಕಿನಿಂದ ಬರುತ್ತದೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಮನೆಗಳಲ್ಲಿ ಒಣಗಿದ ಅಡಿಕೆ ಸುಲಿಯಲು ಕೂತವರು, ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡೆ ತೊಡೆಯ ಮೇಲೆ ಗೆರಸೆ ಇಟ್ಟು ಬೀಡಿ ಕಟ್ಟುವವರು, ಹೊಲಿಗೆಯವರು, ಮೊಬೈಲು ನೋಡುತ್ತಾ ಕೂರುವವರು ತಲೆ ತಗ್ಗಿಸಿ ನೋವು ತಂದುಕೊಳ್ಳುತ್ತಾರೆ. ದೋಟಿ, ಎಂದರೆ ಉದ್ದದ ಕೋಲು, ಹಿಡಿದು ಅಡಿಕೆಯ ಗೊನೆ ಕೊಯ್ಯುವವರು, ಮಳೆಗಾಲದಲ್ಲಿ ಮರಕ್ಕೆ ಬೋರ್ಡೋ ಔಷಧ ಹೊಡೆಯುವವರು ತಲೆ ಎತ್ತಿ ತಂದುಕೊಳ್ಳುತ್ತಾರೆ. ನೋವಿನ ಹೆಸರು ಒಂದೇ ಆದರೂ ಮದ್ದು ಪೂರ್ತಿ ಒಂದೇ ಅಲ್ಲ. ದಿನವಿಡೀ ಮೇಲೆ ನೋಡುವವನಿಗೆ 'ತಲೆ ಹಿಂದಕ್ಕೆ ಬಗ್ಗಿಸಿ' ಎನ್ನುವ ವ್ಯಾಯಾಮ ಕೊಟ್ಟರೆ ಸಂಜೆಗೆ ಅವನ ನೋವು ಇಮ್ಮಡಿಯಾಗುತ್ತದೆ. ಆದ್ದರಿಂದ ಶುರುಮಾಡುವ ಮೊದಲು ಒಂದು ವಾರ ನಿಮ್ಮ ಕೆಲಸವನ್ನು ಗಮನಿಸಿ: ನಿಮ್ಮ ತಲೆ ಹೆಚ್ಚು ಹೊತ್ತು ಕೆಳಗೋ, ಮೇಲೋ, ಒಂದೇ ಬದಿಗೋ?

ಎರಡೂ ಬಗೆಯವರಿಗೆ ಸಾಮಾನ್ಯವಾದ ಸಂಗತಿ ಒಂದಿದೆ. ದೊಡ್ಡವರ ತಲೆಯ ತೂಕ 4.5ರಿಂದ 5 ಕಿಲೋ. ಅದನ್ನು ಹೊತ್ತ ಕುತ್ತಿಗೆಯ 7 ಮೂಳೆಮಣಿಗಳ ಎದುರುಬದಿಗೆ, ಗಂಟಲಿನ ಹಿಂದೆ ಅಂಟಿಕೊಂಡಂತೆ ಸಣ್ಣ ಆಳದ ಸ್ನಾಯುಗಳಿವೆ. ನೋವು ಹಳೆಯದಾದಂತೆ ಇವು ಕೆಲಸ ಕಡಿಮೆ ಮಾಡುತ್ತವೆ. ಆಗ ಮೇಲಿನ ದೊಡ್ಡ ಸ್ನಾಯುಗಳು, ಎಂದರೆ ಕಿವಿಯ ಹಿಂದಿನಿಂದ ಎದೆಮೂಳೆಗೆ ಇಳಿಯುವ ಹಗ್ಗದಂಥ ಸ್ನಾಯು ಮತ್ತು ಹೆಗಲ ಮೇಲಿನದು, ಆ ಹೊರೆಯನ್ನೂ ಹೊರುತ್ತವೆ. ಸಂಜೆ ಹೆಗಲು ಕಲ್ಲಾಗುವುದು ಇದರಿಂದ. ಎಣ್ಣೆ ತಿಕ್ಕಿದರೆ ಆ ಕಲ್ಲು ಒಂದು ರಾತ್ರಿಗೆ ಕರಗಬಹುದು, ಮರುದಿನ ಮತ್ತೆ ಕಟ್ಟುತ್ತದೆ. ಬಲ ಬರಿಸುವುದು ಮೊದಲು, ಎಳೆದು ಸಡಿಲಿಸುವುದು ಆಮೇಲೆ ಎಂಬುದೇ ಈ ಕ್ರಮದ ತಿರುಳು.

ಯಾರು ಮೊದಲು ವೈದ್ಯರನ್ನು ಕಾಣಬೇಕು

ಮೂರು ತಿಂಗಳು ಮೀರಿದ ನೋವನ್ನು ಹಳೆಯ ನೋವು ಎನ್ನುತ್ತಾರೆ. ಅಂಥ ನೋವಿನ ಬಹುಪಾಲು ಅಪಾಯದ್ದಲ್ಲ. ಆದರೆ ಕೆಳಗಿನ ಯಾವುದಾದರೂ ಇದ್ದರೆ ಈ ಪುಟವನ್ನು ಬದಿಗಿಟ್ಟು ಆಸ್ಪತ್ರೆಗೆ ಹೋಗಿ.

ಮರದಿಂದ, ಏಣಿಯಿಂದ, ಬೈಕಿನಿಂದ ಬಿದ್ದ ಮೇಲೆ ಶುರುವಾದ ನೋವು. ಜ್ವರದ ಜೊತೆ ಕುತ್ತಿಗೆ ಸೆಟೆದುಕೊಳ್ಳುವುದು. ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ತಗ್ಗದೆ ರಾತ್ರಿಯೆಲ್ಲ ಕಾಡುವ ನೋವು, ಹಿಂದೆ ಕ್ಯಾನ್ಸರ್ ಆಗಿದ್ದರೆ ಯಾವುದೇ ಹೊಸ ನೋವು. ಕೈ ಅಥವಾ ತೋಳಿನ ಬಲ ಕುಂದುವುದು. ತಲೆ ತಗ್ಗಿಸಿದಾಗ ಬೆನ್ನಗುಂಟ ಕರೆಂಟು ಹೊಡೆದಂತಾಗುವುದು. ತಲೆ ತಿರುಗುವುದರ ಜೊತೆ ಮಾತು ತೊದಲುವುದು, ಎರಡೆರಡು ಕಾಣುವುದು. ಎದೆ, ದವಡೆ, ಎಡತೋಳಿಗೂ ಹಬ್ಬಿ ಬೆವರು ತರುವ ನೋವು; ಇದು ಹೃದಯದ್ದಿರಬಹುದು, ಕಾಯಬಾರದು.

ಸುಲಭವಾಗಿ ಕಣ್ತಪ್ಪುವುದು ಇನ್ನೊಂದಿದೆ: ಬೆರಳಿನ ನಯ ಹೋಗುವುದು. ಅಂಗಿಯ ಗುಂಡಿ ಹಾಕಲು ತಡಕಾಡುವುದು, ಬೀಡಿಯ ನೂಲು ಕೈಗೆ ಸಿಕ್ಕದೆ ಜಾರುವುದು, ಅದರ ಜೊತೆ ನಡಿಗೆ ತೂರಾಡುವುದು ಅಥವಾ ಮೂತ್ರದ ಹಿಡಿತ ತಪ್ಪುವುದು. ಇದು ಬೆನ್ನುಹುರಿ ಒತ್ತಿಹೋಗುತ್ತಿರುವ ಲಕ್ಷಣ. ವಿಚಿತ್ರವೆಂದರೆ ಇಂಥವರಿಗೆ ನೋವು ಕಡಿಮೆಯೂ ಇರಬಹುದು. 'ವಯಸ್ಸಾಯಿತು' ಎಂದು ಮನೆಯವರು ಸುಮ್ಮನಾಗುತ್ತಾರೆ. ಸುಮ್ಮನಾಗಬೇಡಿ.

ಆಮವಾತ (ರುಮಟಾಯ್ಡ್ ಆರ್ಥ್ರೈಟಿಸ್) ಇರುವವರು, ಮೂಳೆ ಟೊಳ್ಳಾಗುವುದಕ್ಕೆ (ಆಸ್ಟಿಯೋಪೊರೋಸಿಸ್) ಔಷಧ ತೆಗೆದುಕೊಳ್ಳುವವರು, ಕುತ್ತಿಗೆಗೆ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನೋ ಫಿಸಿಯೋಥೆರಪಿಸ್ಟರನ್ನೋ ಕೇಳಿಯೇ ಮುಂದುವರಿಯಿರಿ. ಆಮವಾತದಲ್ಲಿ ಮೇಲಿನ ಎರಡು ಮಣಿಗಳ ನಡುವಿನ ಕಟ್ಟು ಸಡಿಲವಾಗಿರಬಹುದು.

ಎಕ್ಸ್‌ರೇ ಚೀಟಿಯಲ್ಲಿ 'ಸರ್ವೈಕಲ್ ಸ್ಪಾಂಡಿಲೋಸಿಸ್' ಎಂದು ಕಂಡು ಕಂಗಾಲಾಗುವವರು ಬಹಳ. 40 ದಾಟಿದ, ಒಂದಿಷ್ಟೂ ನೋವಿಲ್ಲದ ಅನೇಕರ ಎಕ್ಸ್‌ರೇಯಲ್ಲೂ ಕುತ್ತಿಗೆ ಮಣಿಗಳ ಈ ತೇಯ್ಮಾನ ಕಾಣುತ್ತದೆ. ತೇಯ್ದದ್ದು ಮತ್ತೆ ಬೆಳೆಯದು ನಿಜ. ಆದರೆ ನೋವು ಇಳಿಯಲು ಅದು ಬೆಳೆಯಬೇಕಾಗಿಲ್ಲ.

ಅಳತೆ ಹಿಡಿದಿಡಿ

ಮೊದಲ ದಿನ ಮೂರು ಅಳತೆ ಬರೆದಿಡಿ, ಇಲ್ಲದಿದ್ದರೆ ನಾಲ್ಕು ವಾರದ ಮೇಲೆ 'ಏನೂ ಆಗಲಿಲ್ಲ' ಅನ್ನಿಸಿ ಬಿಟ್ಟುಬಿಡುತ್ತೀರಿ.

ಕುರ್ಚಿಯಲ್ಲಿ ನೆಟ್ಟಗೆ ಕೂತು ಗಲ್ಲವನ್ನು ಬಲಕ್ಕೂ ಎಡಕ್ಕೂ ತಿರುಗಿಸಿ. ಎಲ್ಲಿಯವರೆಗೆ ಹೋಗುತ್ತದೆ, ಯಾವ ಬದಿ ಕಡಿಮೆ ಎಂದು ಗುರುತಿಸಿ. ಆಮೇಲೆ ಗೋಡೆಗೆ ಹಿಮ್ಮಡಿ, ಬೆನ್ನು ತಾಗಿಸಿ ನಿಂತು, ಗಲ್ಲ ಎತ್ತದೆ ತಲೆಯ ಹಿಂಬದಿಗೂ ಗೋಡೆಗೂ ನಡುವೆ ಎಷ್ಟು ಬೆರಳು ಹಿಡಿಸುತ್ತವೆ ನೋಡಿ. ಕೊನೆಗೆ ಅಂಗಾತ ಮಲಗಿ ಗಲ್ಲವನ್ನು ಒಳಕ್ಕೆ ತೆಗೆದುಕೊಂಡು ತಲೆಯನ್ನು ನೆಲದಿಂದ 2 ಸೆಂಟಿಮೀಟರ್ ಎತ್ತಿ ಹಿಡಿಯಿರಿ. ಗಲ್ಲ ಮುಂದಕ್ಕೆ ಚಾಚಿದ ಕ್ಷಣ ಲೆಕ್ಕ ನಿಲ್ಲಿಸಿ. ನೋವಿಲ್ಲದವರು ಅರ್ಧ ನಿಮಿಷದ ಆಸುಪಾಸು ಹಿಡಿಯುತ್ತಾರೆ. ಹಳೆಯ ನೋವಿನವರು 10 ಸೆಕೆಂಡಿಗೇ ನಡುಗಿದರೆ ಗಾಬರಿ ಬೇಡ; ಏರಬೇಕಾದ ಸಂಖ್ಯೆ ಅದೇ.

ನೋವನ್ನು 0ಯಿಂದ 10ರವರೆಗೆ ಅಂಕೆಯಲ್ಲಿ ಬರೆಯುವ ಅಭ್ಯಾಸ ಮಾಡಿ. ವ್ಯಾಯಾಮದ ಹೊತ್ತಿಗೆ ನೋವು 3 ಅಥವಾ 4ರವರೆಗೆ ಏರಬಹುದು, ಮರುದಿನ ಬೆಳಿಗ್ಗೆಗೆ ಮೊದಲಿನಷ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಸಂಖ್ಯೆಯನ್ನು ಅರ್ಧ ಮಾಡಿ, ಪೂರ್ತಿ ನಿಲ್ಲಿಸಬೇಡಿ. ಮೊದಲ ಎರಡು ವಾರ ಸ್ನಾಯು ನೋಯುವುದು ಸಹಜ, ಅದು ಒಂದೆರಡು ದಿನದಲ್ಲಿ ಹೋಗುತ್ತದೆ. ತೋಳಿಗೆ ಇಳಿಯುವ ಜುಮುಜುಮು ಮಾತ್ರ ಬೇರೆ: ಅದು ನರದ್ದು, ಅದನ್ನು ತರುವ ಚಲನೆಯನ್ನು ಅಂದೇ ಬಿಡಿ.

ಬೇಕಾದ ಸಾಮಾನು ಮನೆಯಲ್ಲೇ ಇದೆ: ಚಾಪೆ, ಎರಡು ಬೈರಾಸು (ಟವೆಲು), ಒಂದು ದಪ್ಪ ಹೊದಿಕೆ, ಅರ್ಧ ಲೀಟರಿನ ಎರಡು ಬಾಟಲಿ, ಕೈಯಿಲ್ಲದ ಗಟ್ಟಿ ಕುರ್ಚಿ, ಸೈಕಲ್ಲಿನ ಹಳೆಯ ಟ್ಯೂಬು. ಟ್ಯೂಬನ್ನು ಎಳೆದು ಬಿರುಕು ನೋಡಿಕೊಳ್ಳಿ, ಬಿರುಕಿದ್ದರೆ ಎಸೆಯಿರಿ. ಎಳೆಯುವ ಹೊತ್ತಿಗೆ ತುಂಡಾದರೆ ನೇರ ಮುಖಕ್ಕೇ ಬಡಿಯುತ್ತದೆ.

ಮೊದಲ ವ್ಯಾಯಾಮ: ಮಲಗಿ 'ಹೌದು' ಅನ್ನುವುದು

ಇಡೀ ಕ್ರಮದಲ್ಲಿ ಒಂದನ್ನೇ ಮಾಡಲು ಸಮಯವಿದ್ದರೆ ಇದನ್ನು ಮಾಡಿ. ನೋಡಲು ಏನೂ ಇಲ್ಲದಂತಿದೆ, ಸರಿಯಾಗಿ ಮಾಡುವವರು ಕಡಿಮೆ.

ಅಂಗಾತ ಮಲಗಿ ಮಂಡಿ ಮಡಚಿ. ತಲೆಯ ಕೆಳಗೆ ಬೈರಾಸು ಮಡಚಿ ಇಡಿ. ಎಷ್ಟು ದಪ್ಪ? ಹಣೆ ಮತ್ತು ಗಲ್ಲ ಒಂದೇ ಮಟ್ಟಕ್ಕೆ ಬರುವಷ್ಟು. ಬೆನ್ನು ಗೂನಿದವರಿಗೆ 4ರಿಂದ 5 ಸೆಂಟಿಮೀಟರ್ ಬೇಕಾಗಬಹುದು, ಕೆಲವರಿಗೆ ಏನೂ ಬೇಡ. ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ, ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದೆ ಅಂಗುಳಕ್ಕೆ ತಾಗಿರಲಿ. ಈಗ ತಲೆಯ ಹಿಂಬದಿ ಬೈರಾಸಿನ ಮೇಲೆ ನೆತ್ತಿಯ ಕಡೆಗೆ ಜಾರುವಂತೆ, ಗಲ್ಲ ಗಂಟಲ ಕಡೆ ಒಂದಿಷ್ಟು ಇಳಿಯುವಂತೆ, ನಿಧಾನವಾಗಿ 'ಹೌದು' ಎಂದು ತಲೆದೂಗಿ. ಒಂದು ಸೆಂಟಿಮೀಟರ್ ಸರಿದರೆ ಸಾಕು. ತಲೆ ನೆಲದಿಂದ ಏಳಬಾರದು, ನೆಲವನ್ನು ಒತ್ತಲೂ ಬಾರದು.

ಒಂದು ಕೈಯ ಎರಡು ಬೆರಳನ್ನು ಗಂಟಲಿನ ಎರಡು ಬದಿಯ ಹಗ್ಗದಂಥ ಸ್ನಾಯುವಿನ ಮೇಲೆ ಹಗುರವಾಗಿ ಇಡಿ. ಅದು ಮೆತ್ತಗೆ ಉಳಿದರೆ ಆಳದ ಸ್ನಾಯು ಕೆಲಸ ಮಾಡುತ್ತಿದೆ. ಬೆರಳಿಗೆ ಬಿಗಿಯಾದ ಹುರಿ ಸಿಕ್ಕಿತೋ, ನೀವು ಜೋರು ಮಾಡುತ್ತಿದ್ದೀರಿ: ಅರ್ಧ ಬಲಕ್ಕೆ ಇಳಿಸಿ. 5 ಸೆಕೆಂಡ್ ಹಿಡಿದು ಬಿಡಿ, 10 ಸಲ, ದಿನಕ್ಕೆ ಎರಡು ಹೊತ್ತು. ಮೂರನೇ ವಾರದಿಂದ 10 ಸೆಕೆಂಡ್, 10 ಸಲ. ಸೆಕೆಂಡು ಎಣಿಸುವವರು ಉಸಿರು ಕಟ್ಟುತ್ತಾರೆ. ಬದಲಿಗೆ ಉಸಿರು ಎಣಿಸಿ, ಮೂರು ಸಾಮಾನ್ಯ ಉಸಿರಿಗೆ ಸುಮಾರು ಹತ್ತು ಸೆಕೆಂಡ್ ಆಗುತ್ತದೆ.

ಸಾಮಾನ್ಯ ತಪ್ಪುಗಳು: ಹಲ್ಲು ಕಚ್ಚುವುದು, ಹುಬ್ಬು ಗಂಟಿಕ್ಕುವುದು, ಇಡೀ ಕುತ್ತಿಗೆಯನ್ನು ನೆಲಕ್ಕೆ ಅಮುಕಿ ಎರಡು ಗಲ್ಲ ತರಿಸುವುದು. ಕೊನೆಯದನ್ನು ಅನೇಕ ವಿಡಿಯೋಗಳಲ್ಲಿ ಹಾಗೇ ಹೇಳಿಕೊಡುತ್ತಾರೆ. ಅದರಿಂದ ಹಿಂಬದಿಯ ಸ್ನಾಯುವೇ ಬಿಗಿಯುತ್ತದೆ, ಮುಂದಿನದಕ್ಕೆ ಕೆಲಸ ಸಿಗುವುದಿಲ್ಲ.

ಐದನೇ ವಾರದಿಂದ ತಲೆದೂಗಿದ ಸ್ಥಿತಿಯಲ್ಲೇ ತಲೆಯನ್ನು ಒಂದೆರಡು ಸೆಂಟಿಮೀಟರ್ ಎತ್ತಿ 3ರಿಂದ 5 ಸೆಕೆಂಡ್ ಹಿಡಿಯಿರಿ, 5 ಸಲ.

ಹಿಂಬದಿಗೆ: ನಾಲ್ಕು ಕಾಲಿನ ಮೇಲೆ

ಅಂಗೈ, ಮಂಡಿ ಊರಿ ನಿಲ್ಲಿ. ಬೆನ್ನು ಸಪಾಟಾಗಿರಲಿ, ತಲೆ ಬೆನ್ನಿನ ಗೆರೆಯಲ್ಲೇ ಇರಲಿ. ಮೊದಲು ಮೆಲ್ಲನೆ ತಲೆದೂಗಿ ಗಲ್ಲ ಒಳಕ್ಕೆ. ಗಲ್ಲವನ್ನು ಹಾಗೇ ಇಟ್ಟುಕೊಂಡು ಕುತ್ತಿಗೆಯ ಬುಡದಿಂದ ತಲೆ ತಗ್ಗಿಸಿ, ಮತ್ತೆ ಬೆನ್ನಿನ ಮಟ್ಟಕ್ಕೆ ತನ್ನಿ. 8ರಿಂದ 10 ಸಲ. ಅದು ಹಗುರವಾದ ಮೇಲೆ ತಲೆಯನ್ನು ಮಟ್ಟದಲ್ಲೇ ಇಟ್ಟು ಬಲಕ್ಕೆ 45 ಡಿಗ್ರಿ, ಎಡಕ್ಕೆ 45 ಡಿಗ್ರಿ ತಿರುಗಿಸಿ, ತಲಾ 8. ಕುತ್ತಿಗೆ ತಿರುಗುವುದರ ಸುಮಾರು ಅರ್ಧ ಮೇಲಿನ ಎರಡು ಮಣಿಗಳ ನಡುವೆಯೇ ನಡೆಯುತ್ತದೆ, ಅದನ್ನು ಹಿಡಿದಿಡುವ ಪುಟ್ಟ ಸ್ನಾಯುಗಳಿಗೆ ಇದೇ ಪಾಠ. ದೋಟಿಯವರು ಇದನ್ನು ತಪ್ಪಿಸಬಾರದು. ಮಂಡಿನೋವಿದ್ದವರು ಮೇಜಿಗೆ ಮೊಣಕೈ ಊರಿ ಬಾಗಿ ನಿಂತೂ ಮಾಡಬಹುದು.

ಅಂಗೈಯ ಒತ್ತು

ಕುರ್ಚಿಯಲ್ಲಿ ಕೂತು ಅಂಗೈಯನ್ನು ಹಣೆಗೆ ಇಡಿ. ಕೈ ಒತ್ತಲಿ, ತಲೆ ಮಿಸುಕದಿರಲಿ. ಬಲ ನಿಧಾನ ಏರಲಿ, ನಿಮ್ಮ ಪೂರ್ತಿ ಬಲದ ಕಾಲು ಭಾಗ ಸಾಕು. 6 ಸೆಕೆಂಡ್ ಹಿಡಿದು ನಿಧಾನ ಬಿಡಿ. ಹೀಗೆ 5 ಸಲ. ಆಮೇಲೆ ಬಲಗಿವಿಯ ಮೇಲ್ಗಡೆ, ಎಡಕ್ಕೆ, ಹಿಂದೆ. ಹಿಂದಿನದಕ್ಕೆ ಬೈರಾಸನ್ನು ತಲೆಯ ಹಿಂದೆ ಹಾಕಿ ಎರಡು ತುದಿ ಹಿಡಿದು ಎಳೆಯುವುದು ಕೈಗೆ ಸುಲಭ. ಒಮ್ಮೆಲೇ ಒತ್ತಿ ಒಮ್ಮೆಲೇ ಬಿಡುವುದರಿಂದಲೇ ಹೆಚ್ಚಿನ ಉಳುಕು ಆಗುವುದು.

ತಲೆಹೊರೆ ಹೊರುವವರಿಗೂ ತೆಂಕುತಿಟ್ಟಿನ ಯಕ್ಷಗಾನದಲ್ಲಿ ಕಿರೀಟ ಕಟ್ಟಿ ರಾತ್ರಿಯಿಡೀ ಕುಣಿಯುವವರಿಗೂ ಇದು ಮುಖ್ಯ. ಅವರು ಎಂಟನೇ ವಾರದಿಂದ ಬಲವನ್ನು ಅರ್ಧಕ್ಕೆ ಏರಿಸಬಹುದು.

ಹೆಗಲಹಲಗೆ: ಅರ್ಧ ಮದ್ದು ಇಲ್ಲಿದೆ

ಕುತ್ತಿಗೆಗೆ ನೇತಾಡುವ ಸ್ನಾಯುಗಳ ಇನ್ನೊಂದು ತುದಿ ಹೆಗಲಹಲಗೆಯಲ್ಲಿದೆ. ಹಲಗೆ ಜೋತುಬಿದ್ದರೆ ಕುತ್ತಿಗೆಯನ್ನೂ ಎಳೆಯುತ್ತದೆ.

ಟ್ಯೂಬನ್ನು ಕಿಟಕಿಯ ಸರಳಿಗೆ ಹೊಕ್ಕುಳ ಎತ್ತರಕ್ಕೆ ಕಟ್ಟಿ, ಎರಡು ತುದಿ ಹಿಡಿದು ಮೊಣಕೈಯನ್ನು ಸೊಂಟದ ಬದಿಗೆ ಎಳೆಯಿರಿ. ಹಲಗೆಗಳು ಹಿಂದೆ ಒಂದಕ್ಕೊಂದು ಹತ್ತಿರ ಬರಲಿ, ಹೆಗಲು ಕಿವಿಯ ಕಡೆ ಏರದಿರಲಿ. 12 ಸಲ, ಎರಡು ಸುತ್ತು, ವಾರಕ್ಕೆ ಮೂರು ದಿನ. ಸುಲಭವಾದರೆ ಒಂದು ಹೆಜ್ಜೆ ಹಿಂದೆ ನಿಲ್ಲಿ, ಟ್ಯೂಬು ಬಿಗಿಯಾಗುತ್ತದೆ.

ಬೋರಲು ಮಲಗಿ ಹಣೆಯನ್ನು ಮಡಚಿದ ಬೈರಾಸಿಗೆ ಕೊಟ್ಟು, ಕೈಗಳನ್ನು ಬದಿಗೆ ಚಾಚಿ, ಹೆಬ್ಬೆರಳು ಮೇಲೆ ಮಾಡಿ, ನೆಲದಿಂದ 3ರಿಂದ 5 ಸೆಂಟಿಮೀಟರ್ ಎತ್ತಿ. 5 ಸೆಕೆಂಡ್, 8 ಸಲ. ಹಣೆ ಏಳಬಾರದು.

ಇನ್ನು ಬಾಟಲಿ. ಅರ್ಧ ಲೀಟರು ನೀರು ಅಂದರೆ ಅರ್ಧ ಕಿಲೋ. ಎರಡು ಕೈಯಲ್ಲಿ ಹಿಡಿದು, ಮೊಣಕೈ ತುಸು ಬಾಗಿಸಿ, ಬದಿಯಿಂದ ಸ್ವಲ್ಪ ಮುಂದಕ್ಕೆ ಹೆಗಲ ಎತ್ತರದವರೆಗೆ ಎತ್ತಿ ಇಳಿಸಿ; ಎತ್ತಲು 2 ಸೆಕೆಂಡ್, ಇಳಿಸಲು 2. ಡೆನ್ಮಾರ್ಕಿನಲ್ಲಿ ಕಚೇರಿ ನೌಕರರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಂಥದೇ ಎತ್ತುವಿಕೆಯನ್ನು ರಬ್ಬರ್ ಪಟ್ಟಿ ಹಿಡಿದು ದಿನಕ್ಕೆ 2 ನಿಮಿಷ, ವಾರಕ್ಕೆ 5 ದಿನ, 10 ವಾರ ಮಾಡಿದವರಿಗೂ ಕುತ್ತಿಗೆ-ಹೆಗಲಿನ ನೋವು ತಗ್ಗಿತ್ತು. ಸಮಯವಿಲ್ಲ ಎನ್ನುವವರ ಬಾಯಿ ಮುಚ್ಚಿಸುವ ಸಂಗತಿ ಇದು. ಏಳನೇ ವಾರಕ್ಕೆ ಒಂದು ಲೀಟರಿನ ಬಾಟಲಿಗೆ ಏರಿ. ನೀರಿನ ಬದಲು ಮರಳು ತುಂಬಿದರೆ ಒಂದೂವರೆ ಕಿಲೋ ದಾಟುತ್ತದೆ, ಅದು 10ನೇ ವಾರದ ಮಾತು.

ಎಳೆತ

ಬಲದ ವ್ಯಾಯಾಮ ಎರಡು ವಾರ ನಡೆದ ಮೇಲೆ ಎಳೆತ ಸೇರಿಸಿ. ಬಲಗೈಯಿಂದ ಕುರ್ಚಿಯ ಅಂಚು ಹಿಡಿದು ತಲೆಯನ್ನು ಎಡಕ್ಕೆ ವಾಲಿಸಿ, 20ರಿಂದ 30 ಸೆಕೆಂಡ್, ಬದಿಗೆ ಎರಡು ಸಲ. ಇನ್ನೊಂದಕ್ಕೆ, ಮುಖವನ್ನು 45 ಡಿಗ್ರಿ ತಿರುಗಿಸಿ ನಿಮ್ಮ ಕಂಕುಳು ನೋಡುವಂತೆ ತಗ್ಗಿಸಿ. ಕೈಯಿಂದ ತಲೆ ಎಳೆಯಬೇಡಿ; ತಲೆಯ ತೂಕವೇ ಸಾಕು. ತಲೆ ತಗ್ಗಿಸಿಯೇ ದುಡಿಯುವವರಿಗೆ ಎರಡನೆಯದು ಬೇಗ ಹಿತ ಕೊಡುತ್ತದೆ, ಅದಕ್ಕೇ ಅದನ್ನು ಅತಿಯಾಗಿ ಮಾಡುತ್ತಾರೆ. ದಿನವಿಡೀ ಎಳೆದೇ ಇರುವ ಸ್ನಾಯುವನ್ನು ಮತ್ತೆ ಎಳೆಯುವುದರಿಂದ ಆ ಗಳಿಗೆಯ ಸುಖ ಬಿಟ್ಟರೆ ಹೆಚ್ಚೇನಿಲ್ಲ.

ಮೇಲೆ ನೋಡುವವರಿಗೂ ಕೆಳಗೆ ನೋಡುವವರಿಗೂ ನಿಜವಾಗಿ ಬೇಕಾದ ಎಳೆತ ಬೆನ್ನಿನ ಮೇಲ್ಭಾಗದ್ದು. ಹೊದಿಕೆಯನ್ನು ಸುರುಳಿ ಸುತ್ತಿ ತೋಳುದಪ್ಪದ ಉರುಳೆ ಮಾಡಿ, ಅಡ್ಡಕ್ಕೆ ಹೆಗಲಹಲಗೆಗಳ ಕೆಳತುದಿಯ ಮಟ್ಟದಲ್ಲಿಟ್ಟು ಅಂಗಾತ ಮಲಗಿ. ಎರಡೂ ಕೈ ತಲೆಯ ಹಿಂದೆ, ತಲೆಯನ್ನು ಹೊರುವಂತೆ. ಉಸಿರು ಬಿಡುತ್ತಾ ಬೆನ್ನು ಉರುಳೆಯ ಮೇಲೆ ಹಿಂದಕ್ಕೆ ಬಾಗಲಿ, 8 ಉಸಿರು. ಉರುಳೆಯನ್ನು ಎರಡು ಬೆರಳು ಮೇಲಕ್ಕೆ ಸರಿಸಿ ಮತ್ತೆ. ಬೆನ್ನು ಬಾಗದವನ ಕುತ್ತಿಗೆ, ಮೇಲೆ ನೋಡುವಾಗ ಬೆನ್ನಿನ ಪಾಲನ್ನೂ ತಾನೇ ಬಾಗಬೇಕಾಗುತ್ತದೆ.

ಯೋಗ: ಯಾವುದು, ಹೇಗೆ, ಯಾವುದು ಬೇಡ

ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಕುರ್ಚಿ, ಪಟ್ಟಿ, ಕಂಬಳಿ, ಗೋಡೆಗಳ ಆಸರೆಯಲ್ಲಿ ಆಸನ ಮಾಡಿಸುವ ಕ್ರಮವನ್ನು ಬೆಳೆಸಿದರು. ಹಳೆಯ ಕುತ್ತಿಗೆ ನೋವಿನವರಿಗೆ ಈ ಪದ್ಧತಿಯನ್ನು 9 ವಾರ ಕಲಿಸಿ ಜರ್ಮನಿಯಲ್ಲಿ ಪರೀಕ್ಷಿಸಿದ್ದಾರೆ. 2013ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಮನೆಯಲ್ಲೇ ವ್ಯಾಯಾಮ ಮಾಡಿದವರಿಗಿಂತ ಯೋಗ ಮಾಡಿದವರ ನೋವು ಹೆಚ್ಚು ಇಳಿದಿತ್ತು. ಅಧ್ಯಯನ ಚಿಕ್ಕದು, 51 ಜನರದ್ದು. ಆಸರೆ ಬಳಸುವುದು ಮಾತ್ರ ನಮ್ಮಲ್ಲಿ ಇನ್ನೂ ನಾಚಿಕೆಯ ವಿಷಯ. ಕುತ್ತಿಗೆ ನೋವಿನವರು ಆ ನಾಚಿಕೆ ಬಿಡಬೇಕು.

ವಾರಕ್ಕೆ ಮೂರು ದಿನ, 20ರಿಂದ 25 ನಿಮಿಷ, ಊಟವಾಗಿ ಮೂರು ಗಂಟೆಯ ಮೇಲೆ.

ಉಸಿರಿನಿಂದ ಶುರುಮಾಡಿ. ಅಂಗಾತ ಮಲಗಿ ಒಂದು ಕೈ ಎದೆಗೆ, ಒಂದು ಹೊಟ್ಟೆಗೆ. ಹೊಟ್ಟೆಯ ಕೈ ಏರಬೇಕು, ಎದೆಯ ಕೈ ಹೆಚ್ಚುಕಡಿಮೆ ಸುಮ್ಮನಿರಬೇಕು. 4 ಎಣಿಕೆ ಒಳಗೆ, 6 ಎಣಿಕೆ ಹೊರಗೆ, ಎರಡು ನಿಮಿಷ. ಎದೆಯ ಮೇಲ್ಭಾಗದಿಂದ ಉಸಿರಾಡುವವರಲ್ಲಿ ಕುತ್ತಿಗೆಯ ಬದಿಯ ಸ್ನಾಯುಗಳು ಪ್ರತಿ ಉಸಿರಿಗೂ ಪಕ್ಕೆಲುಬನ್ನು ಮೇಲೆತ್ತುತ್ತವೆ. ದಿನಕ್ಕೆ ಸಾವಿರಾರು ಸಲ ಆ ಕೂಲಿ ಮಾಡುವ ಸ್ನಾಯು ನೋಯದೆ ಇನ್ನೇನು?

ತಾಡಾಸನವನ್ನು ಗೋಡೆಗೆ ಒರಗಿ ಮಾಡಿ, ಹಿಮ್ಮಡಿ ಗೋಡೆಯಿಂದ 5 ಸೆಂಟಿಮೀಟರ್ ಮುಂದೆ. ನೆತ್ತಿ ಮೇಲಕ್ಕೆ, ಹೆಗಲು ಕೆಳಕ್ಕೆ. 5 ಉಸಿರು, ಮೂರು ಸಲ. ಮಾರ್ಜಾಲಾಸನದಲ್ಲಿ (ಅಂಗೈ, ಮಂಡಿ ಊರಿ ಬೆನ್ನನ್ನು ಏರಿಸಿ ತಗ್ಗಿಸುವುದು) ಬೆನ್ನು ತಗ್ಗಿದಾಗ ತಲೆಯನ್ನು ಮೇಲಕ್ಕೆ ಎಸೆಯಬೇಡಿ; ಎದೆ ಮುಂದೆ ಸಾಗಲಿ, ನೋಟ ನೆಲದ ಮೇಲೆ ಒಂದು ಮೀಟರ್ ಮುಂದೆ ಇರಲಿ, 8 ಸುತ್ತು.

ಭುಜಂಗಾಸನ ಕುತ್ತಿಗೆ ನೋವಿಗೆ ಒಳ್ಳೆಯದೂ ಹೌದು, ಅತಿ ಹೆಚ್ಚು ಕೆಡುವುದೂ ಇಲ್ಲಿಯೇ. ಬೋರಲು ಮಲಗಿ ಮುಂಗೈಯನ್ನು ನೆಲಕ್ಕೆ ಪೂರ್ತಿ ಊರಿ, ಮೊಣಕೈ ಹೆಗಲ ಕೆಳಗೆ. ಮೊಣಕೈಯನ್ನು ನಿಮ್ಮ ಕಡೆಗೇ ಎಳೆದುಕೊಳ್ಳುವಂತೆ ಒತ್ತಿದರೆ ಎದೆ ತಾನಾಗಿ ಮುಂದೆ ಬರುತ್ತದೆ. ತಲೆ ಕೊನೆಗೆ ಏಳಲಿ, ಎದುರಿನ ಗೋಡೆ ಕಾಣುವಷ್ಟೇ. ಚಾವಣಿ ನೋಡಲು ಹೊರಟರೆ ಬೆನ್ನು ಬಾಗದೆ ಕುತ್ತಿಗೆಯ ಬುಡ ಮಾತ್ರ ಕತ್ತರಿಸಿದಂತೆ ಮಡಚುತ್ತದೆ. 5 ಉಸಿರು, ಮೂರು ಸಲ. ದೋಟಿಯ ಕೆಲಸವಿದ್ದ ದಿನ ಮುಖ ನೆಲದ ಕಡೆಗೇ ಇರಲಿ. ಅರ್ಧ ಶಲಭಾಸನದಲ್ಲಿ (ಬೋರಲು ಮಲಗಿ ಒಂದೊಂದೇ ಕಾಲು ಎತ್ತುವುದು) ರೂಢಿಯಂತೆ ಗಲ್ಲವನ್ನು ನೆಲಕ್ಕೆ ಊರಬೇಡಿ, ಹಣೆ ಊರಿ.

ವೀರಭದ್ರಾಸನದ ಎರಡನೇ ರೂಪದಲ್ಲಿ (ಕಾಲು ಅಗಲಿಸಿ, ಒಂದು ಮಂಡಿ ಬಾಗಿಸಿ, ಕೈಗಳನ್ನು ಎರಡು ಬದಿಗೆ ಚಾಚುವುದು) ಬದಿಗೆ 5 ಉಸಿರು; ಮೊದಲ ನಾಲ್ಕು ವಾರ ಮುಖ ನೇರವೇ ಇರಲಿ, ಬೆರಳತುದಿ ನೋಡಲು ಆಮೇಲೆ ತಿರುಗಿಸಿ. ಗೋಮುಖಾಸನದ ಕೈಯನ್ನು ಬೆನ್ನ ಹಿಂದೆ ಬೈರಾಸು ಹಿಡಿದು ಮಾಡಿ: ಒಂದು ಕೈ ಮೇಲಿನಿಂದ, ಒಂದು ಕೆಳಗಿನಿಂದ, ನಡುವೆ ಎಷ್ಟು ಅಂತರವಿದ್ದರೂ ಆದೀತು. ಭರದ್ವಾಜಾಸನವನ್ನು ಕುರ್ಚಿಯಲ್ಲಿ ಅಡ್ಡ ಕೂತು, ಬೆನ್ನೊರಗು ಹಿಡಿದು ಮಾಡಿ. ಮೊದಲು ಹೊಟ್ಟೆ, ಆಮೇಲೆ ಎದೆ, ಕೊನೆಗೆ ತಲೆ ತಿರುಗಬೇಕು. ತಲೆ ಮೊದಲು ಓಡಿದರೆ ಬೆನ್ನು ಕೆಲಸ ಕಳ್ಳತನ ಮಾಡುತ್ತದೆ. ಕೊನೆಗೆ 5 ನಿಮಿಷ ಶವಾಸನ, ತಲೆಯ ಕೆಳಗೆ ಅದೇ ಮಡಚಿದ ಬೈರಾಸು.

ಸೂರ್ಯನಮಸ್ಕಾರ ರೂಢಿಯಿದ್ದವರು ಬಿಡಬೇಕಾಗಿಲ್ಲ. ಕೈ ಎತ್ತಿ ಹಿಂದೆ ಬಾಗುವ ಹಂತದಲ್ಲಿ ತಲೆ ಕೈಗಳ ನಡುವೆಯೇ ಇರಲಿ.

ಬೇಡವಾದವು: ಶೀರ್ಷಾಸನ, ಸರ್ವಾಂಗಾಸನ, ಹಲಾಸನ, ನೆತ್ತಿಯ ಮೇಲೆ ಭಾರ ಬಿಡುವ ಮತ್ಸ್ಯಾಸನ. ಇವುಗಳಲ್ಲಿ ಮೈಯ ಭಾರ ಕುತ್ತಿಗೆಗೆ ಅಥವಾ ಅದರ ಬುಡಕ್ಕೆ ಬೀಳುತ್ತದೆ. ಕುತ್ತಿಗೆಯನ್ನು ಗಿರಗಿರನೆ ಸುತ್ತಿಸುವುದೂ ಬೇಡ. ಶಾಲೆಯ ಡ್ರಿಲ್ಲಿನಿಂದ ಬಂದ ಅಭ್ಯಾಸವದು, ನೋವಿರುವ ಕೀಲಿಗೆ ಒಳಿತಿಗಿಂತ ಕೆಡುಕು ಹೆಚ್ಚು. ಕ್ಷೌರದಂಗಡಿಯಲ್ಲಿ ತಲೆ ಹಿಡಿದು ಲಟಕ್ಕೆನ್ನಿಸುವುದಕ್ಕಂತೂ ಖಡಾಖಂಡಿತ ಬೇಡ ಅನ್ನಿ. ಮಣಿಗಳ ತೂತಿನೊಳಗೆ ಮಿದುಳಿಗೆ ರಕ್ತ ಒಯ್ಯುವ ನಾಳ ಹಾದುಹೋಗುತ್ತದೆ. ಅಪರೂಪಕ್ಕಾದರೂ ಅದರ ಒಳಪದರ ಹರಿದು ಪಾರ್ಶ್ವವಾಯು ಆದದ್ದಿದೆ.

ಕೆಲಸದ ಜಾಗ

ದಿನಕ್ಕೆ ಅರ್ಧ ಗಂಟೆ ವ್ಯಾಯಾಮ, ಎಂಟು ಗಂಟೆ ಹಾಳು ಭಂಗಿ ಎಂದರೆ ಲೆಕ್ಕ ಕೂಡುವುದಿಲ್ಲ. ತಲೆ ನೇರವಿದ್ದಾಗ ಕುತ್ತಿಗೆಗೆ 5 ಕಿಲೋ ಭಾರ; 60 ಡಿಗ್ರಿ ಬಾಗಿದಾಗ ಅದು 27 ಕಿಲೋದ ಹತ್ತಿರ ಹೋಗುತ್ತದೆಂದು ಲೆಕ್ಕಹಾಕಿದ್ದಾರೆ.

ಅಡಿಕೆ ಸುಲಿಯುವವರು ನೆಲಕ್ಕೆ ಚಕ್ಕಳಮಕ್ಕಳ ಕೂರುವ ಬದಲು 15ರಿಂದ 20 ಸೆಂಟಿಮೀಟರ್ ಎತ್ತರದ ಮಣೆಯ ಮೇಲೆ ಕೂತು, ಸುಲಿಯುವ ಕತ್ತಿಯನ್ನೂ ಹಲಗೆಯ ಮೇಲೆ ಏರಿಸಿ ಹೊಕ್ಕುಳ ಮಟ್ಟಕ್ಕೆ ತನ್ನಿ. ಕೂರುವುದು ಮಾತ್ರ ಎತ್ತರವಾಗಿ ಕತ್ತಿ ಕೆಳಗೇ ಉಳಿದರೆ ಮೊದಲಿಗಿಂತ ಹೆಚ್ಚು ಬಗ್ಗಬೇಕಾಗುತ್ತದೆ, ಎರಡೂ ಒಟ್ಟಿಗೆ ಏರಬೇಕು. ಅಡಿಕೆಯ ರಾಶಿ ಬೆಳಿಗ್ಗೆ ಬಲಕ್ಕಿದ್ದರೆ ಮಧ್ಯಾಹ್ನ ಎಡಕ್ಕಿರಲಿ. ಕೂಲಿ ಕಿಲೋ ಲೆಕ್ಕದಲ್ಲಿರುವಾಗ 'ಅರ್ಧ ಗಂಟೆಗೊಮ್ಮೆ ಏಳಿ' ಎಂದರೆ ಯಾರೂ ಏಳುವುದಿಲ್ಲ. ಆದ್ದರಿಂದ ಏಳುವುದನ್ನು ಬುಟ್ಟಿಗೆ ಕಟ್ಟಿಹಾಕಿ: ಒಂದು ಬುಟ್ಟಿ ತುಂಬಿದಾಗ ಎದ್ದು ಅಲ್ಲೇ ನಿಂತು ಹೆಗಲಹಲಗೆ ಹಿಂದಕ್ಕೆ 10 ಸಲ ಎಳೆದು ಮತ್ತೆ ಕೂರಿ.

ಬೀಡಿಯವರಿಗೂ ಅದೇ, ಒಂದೊಂದು ಕಟ್ಟು ಮುಗಿದಾಗ ಕಣ್ಣೆತ್ತಿ ದೂರದ ಮರ ನೋಡಿ, ಎರಡು ಸಲ ಗಲ್ಲ ಒಳಕ್ಕೆ. ಅರ್ಧ ನಿಮಿಷದ ಕೆಲಸ. ಗೆರಸೆಯ ಕೆಳಗೆ ಗಟ್ಟಿ ದಿಂಬಿಟ್ಟು ಒಂದು ಗೇಣು ಏರಿಸಿ, ಬೆನ್ನನ್ನು ಗೋಡೆಗೆ ಕೊಡಿ. ಎಲೆ ಕತ್ತರಿಸುವಾಗ ತಲೆ ಹೆಚ್ಚು ತಗ್ಗುತ್ತದೆ, ಆ ಕೆಲಸವನ್ನು ಒಂದೇ ಪಟ್ಟಿಗೆ ಮುಗಿಸದೆ ದಿನದಲ್ಲಿ ಹಂಚಿಕೊಳ್ಳಿ. ಬೆಳಕು ಸಾಲದ ಮೂಲೆ ಬೇಡ; ಕಾಣದಿದ್ದರೆ ಮುಖ ತಾನಾಗಿ ಗೆರಸೆಗೆ ಇಳಿಯುತ್ತದೆ.

ದೋಟಿಯ ಲೆಕ್ಕ ಬೇರೆ. ಅಡಿಕೆ ತೋಟದ ಅಂತರ ಸಾಮಾನ್ಯವಾಗಿ 2.7 ಮೀಟರ್, ಅಂದರೆ 9 ಅಡಿ. 12 ಮೀಟರ್ ಎತ್ತರದ ಕೊನೆಯನ್ನು ಒಂದು ಸಾಲು ದೂರದಿಂದ ನೋಡಿದರೆ ನೋಟ ಸುಮಾರು 75 ಡಿಗ್ರಿ ಮೇಲೇಳಬೇಕು, ಎರಡು ಸಾಲು ಹಿಂದೆ ಸರಿದರೆ 63. ಸಿಂಪಡಣೆಗೆ ಹೀಗೆ ಸರಿಯುವುದು ಸುಲಭ. ಕೊಯ್ಲಿಗೆ ಅಷ್ಟು ದೂರ ಆಗದು, ಅಲ್ಲಿ ನಿಲುವೇ ಗತಿ. ಒಂದು ಕಾಲು ಮುಂದೆ, ಒಂದು ಹಿಂದೆ, ಹಿಂದಿನ ಕಾಲಿಗೆ ಭಾರ ಕೊಟ್ಟು ಸೊಂಟ ಮತ್ತು ಎದೆಯಿಂದ ಹಿಂದೆ ವಾಲಿ. ಕುತ್ತಿಗೆಯ ಪಾಲು ಕಡಿಮೆಯಾಗಲಿ. ದೋಟಿ ಹೊಂದಿಸುವಾಗ, ಉದ್ದ ಮಾಡುವಾಗ ಮೇಲೆ ನೋಡುತ್ತಲೇ ನಿಲ್ಲಬೇಡಿ. ಮೂರು-ನಾಲ್ಕು ಮರಕ್ಕೊಮ್ಮೆ ಗಲ್ಲವನ್ನು ಎದೆಗೆ ತಂದು 5 ಸಲ 'ಹೌದು' ಅನ್ನಿ, ಗಂಟೆಗೊಮ್ಮೆ ದೋಟಿಯನ್ನು ಇನ್ನೊಬ್ಬರಿಗೆ ಕೊಡಿ. ಮೇಲೆ ನೋಡಿದಾಗ ತಲೆ ಸುತ್ತಿದರೆ ಆ ದಿನದ ಕೆಲಸ ಅಲ್ಲಿಗೇ ನಿಲ್ಲಲಿ, ವೈದ್ಯರಿಗೆ ತಿಳಿಸಿ.

ಹುಲ್ಲು, ಸೊಪ್ಪಿನ ತಲೆಹೊರೆ ಮೊದಲ ಆರು ವಾರ ಬೇಡ, ಕೈಗಾಡಿ ಬಳಸಿ. ಎರಡು ನೋಟದ ಕನ್ನಡಕದವರು ಓದುವ ಭಾಗದಿಂದ ಮೊಬೈಲು ನೋಡಲು ಗಲ್ಲ ಎತ್ತುತ್ತಾರೆ. ನೋವು ಅಲ್ಲಿಂದಲೂ ಬರುತ್ತದೆ, ಓದಿಗೆ ಬೇರೆ ಕನ್ನಡಕ ಇದ್ದರೆ ಅದನ್ನೇ ಹಾಕಿ.

ದಿಂಬು

ಬದಿಗೆ ಮಲಗುವವರಿಗೆ ಒತ್ತಿದ ಮೇಲೆ ದಿಂಬಿನ ಎತ್ತರ ಹೆಗಲತುದಿಯಿಂದ ಕಿವಿಯವರೆಗಿನ ಅಂತರದಷ್ಟಿರಬೇಕು, ಹೆಚ್ಚಿನವರಿಗೆ 10ರಿಂದ 12 ಸೆಂಟಿಮೀಟರ್. ಅಂಗಾತ ಮಲಗುವವರಿಗೆ ಅದಕ್ಕಿಂತ ಕಡಿಮೆ. ಬೂರುಗದ ಹತ್ತಿಯ ದಿಂಬು ಮೊದಲ ವರ್ಷ ಚೆನ್ನಾಗಿರುತ್ತದೆ, ಆಮೇಲೆ ನಡುವೆ ಕುಸಿದು ಅಂಚು ಮಾತ್ರ ಉಳಿಯುತ್ತದೆ. ಬಿಸಿಲಿಗೆ ಹಾಕಿ, ಹತ್ತಿ ಕೆದಕಿ, ಬೇಕಿದ್ದರೆ ತುಂಬಿಸಿ. ಅಂಗಾತ ಮಲಗುವವರು ಬೈರಾಸನ್ನು ಸುರುಳಿ ಸುತ್ತಿ ದಿಂಬಿನ ಚೀಲದ ಕೆಳ ಅಂಚಿಗೆ ತೂರಿಸಿದರೆ ಕುತ್ತಿಗೆಯ ಬಾಗಿಗೆ ಆಸರೆ. ಬೋರಲು ಮಲಗಿದರೆ ರಾತ್ರಿಯಿಡೀ ತಲೆ ಒಂದೇ ಬದಿಗೆ ತಿರುಚಿರುತ್ತದೆ, ಆ ಅಭ್ಯಾಸ ಬಿಡಲೇಬೇಕು.

ನೋವು ಕೆರಳಿದ ದಿನ

ಕೆರಳುತ್ತದೆ, ಅದು ಸೋಲಲ್ಲ. ಮೊದಲ ಎರಡು ದಿನ ಬಾಟಲಿ, ಟ್ಯೂಬು ಬದಿಗಿಡಿ. ಮಲಗಿ ತಲೆದೂಗುವುದು ಮತ್ತು ಉಸಿರು ಮಾತ್ರ ಇರಲಿ, ಸಂಖ್ಯೆ ಅರ್ಧ. ಬಿಸಿನೀರಿನ ಚೀಲ ಅಥವಾ ಹುರಿದ ಉಪ್ಪಿನ ಕಿಳಿಯ (ಬಟ್ಟೆಗಂಟಿನ) ಶಾಖ 15 ನಿಮಿಷ, ಮೊದಲು ಮಣಿಕಟ್ಟಿಗೆ ಇಟ್ಟು ಬಿಸಿ ನೋಡಿ. ಮಧುಮೇಹದಿಂದ ಸ್ಪರ್ಶ ಕುಂದಿದವರ ಪರವಾಗಿ ಮನೆಯವರು ನೋಡಲಿ. ಎಣ್ಣೆ ಹಚ್ಚುವುದಾದರೆ ಹಗುರವಾಗಿ ನೀವಿ, ಅಮುಕಬೇಡಿ. ಕಾಲರ್ ಪಟ್ಟಿಯನ್ನು ವೈದ್ಯರು ಹೇಳಿದ್ದಕ್ಕಿಂತ ಒಂದು ದಿನವೂ ಹೆಚ್ಚು ಕಟ್ಟಿಕೊಳ್ಳಬೇಡಿ, ಅದರೊಳಗೆ ಸ್ನಾಯು ದಿನೇದಿನೇ ಸೊರಗುತ್ತದೆ. ಮೂರನೇ ದಿನದಿಂದ ಹಿಂದಿನ ವಾರದ ಅರ್ಧಕ್ಕೆ, ಒಂದು ವಾರದೊಳಗೆ ಪೂರ್ತಿಗೆ ಮರಳಿ.

ಮಳೆಗಾಲದಲ್ಲಿ ಹೊರಗೆ ನಡೆಯಲಾಗದೆ ಮೈ ಜಡಗಟ್ಟಿ ಕೆರಳುವುದೇ ಹೆಚ್ಚು. ಜಗಲಿಯಲ್ಲೇ 10 ನಿಮಿಷದಂತೆ ಮೂರು ಸಲ, ಕೈ ಬೀಸುತ್ತಾ ನಡೆಯಿರಿ.

ನಾಲ್ಕರಿಂದ ಆರನೇ ವಾರದ ಹೊತ್ತಿಗೆ ಮೊದಲ ದಿನದ ಮೂರು ಅಳತೆಯನ್ನು ಮತ್ತೆ ತೆಗೆಯಿರಿ. ನೋವಿನ ಅಂಕೆ ಇಳಿಯುವ ಮೊದಲೇ ತಲೆ ಎತ್ತಿ ಹಿಡಿಯುವ ಸೆಕೆಂಡು ಏರುವುದು ಸಾಮಾನ್ಯ. ಆರು ವಾರ ಸರಿಯಾಗಿ ಮಾಡಿಯೂ ಯಾವ ಅಳತೆಯೂ ಕದಲದಿದ್ದರೆ ಫಿಸಿಯೋಥೆರಪಿಸ್ಟರ ಎದುರು ಒಮ್ಮೆ ಮಾಡಿ ತೋರಿಸಿ; ತಪ್ಪು ಹೆಚ್ಚಾಗಿ ಗಲ್ಲ ಒಳಕ್ಕೆ ತೆಗೆಯುವಲ್ಲಿ ಇರುತ್ತದೆ. 12 ವಾರ ದಾಟಿದವರು ಬಲದ ವ್ಯಾಯಾಮವನ್ನು ವಾರಕ್ಕೆ ಎರಡು ದಿನಕ್ಕೆ, ಯೋಗವನ್ನು ಒಂದೆರಡು ದಿನಕ್ಕೆ ಇಳಿಸಬಹುದು. ಕೊಯ್ಲು, ಸುಲಿಯುವ ಕೆಲಸ ಶುರುವಾಗುವ ಒಂದು ತಿಂಗಳ ಮೊದಲು ಮತ್ತೆ ಮೂರಕ್ಕೆ ಏರಿಸಿ.